ಮನೆಗೆ ಬಂದ ಕಚೇರಿ

ಗೋಣಿಬೀಡಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ, ಊರಿನಲ್ಲಿ ಉದ್ಯೋಗಸ್ಥರು ಯಾರು, ಅಲ್ಲದವರು ಯಾರು ಎಂಬುದು ಹಿಂದೆ ತಾನಾಗಿಯೇ ತಿಳಿದುಬರುತ್ತಿತ್ತು. ಉದ್ಯೋಗಸ್ಥರು ಬಸ್ಸನ್ನೇರಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಕೆಲಸವಿದ್ದವರು ಹಬ್ಬಕ್ಕೆ ಬಂದು, ಹಬ್ಬ ಮುಗಿದ ಮಾರನೆಯ ದಿನ ಹಿಂದಿರುಗುತ್ತಿದ್ದರು. ೨೦೨೦ರ ಮಾರ್ಚ್ ೨೫ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಮೇಲೆ ಈ ಲಕ್ಷಣ ಕೆಟ್ಟುಹೋಯಿತು. ಬೆಂಗಳೂರಿನಿಂದ ಬಂದವರು ಹಿಂದಿರುಗಲಿಲ್ಲ. ಆದರೂ ಅವರ ಕೆಲಸ ನಿಲ್ಲಲಿಲ್ಲ. ಹೊರ ಸಂಸ್ಥೆಗಳಿಗಾಗಿ ದುಡಿಯುವ ಕಂಪನಿಗಳ ನೌಕರರು ಮನೆಯಿಂದ ಕೆಲಸ ಮಾಡುವುದಕ್ಕೆ ಇದ್ದ ಬಿಗಿಯಾದ ಷರತ್ತುಗಳನ್ನು ದೂರಸಂಪರ್ಕ ಇಲಾಖೆಯು ಆ ಮಾರ್ಚ್ ತಿಂಗಳಿನಲ್ಲಿಯೇ ಸಡಿಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಮಾರ್ಗಸೂಚಿಯೂ ಬಂದಿತು. ಹೀಗೆ ಕಚೇರಿ ಎಂಬುದು ಕಾಫಿ ತೋಟದ ನಡುವಣ ಹೆಂಚಿನ ಮನೆಯ ಒಳಕೋಣೆಗೆ ಬಂದು ಕುಳಿತುಕೊಂಡಿತು.

ಮೊದಮೊದಲು ನಮ್ಮ ಜನರಿಗಿದ್ದ ಚಿಂತೆ ಒಂದೇ: ಸಿಗ್ನಲ್. ಮಲೆನಾಡಿನ ಹಳ್ಳಿಗಳಲ್ಲಿ ಗುಡ್ಡದ ನೆತ್ತಿಯ ಮೇಲೆ ಟಾರ್ಪಾಲು ಕಟ್ಟಿ, ಅದರಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತ ತರುಣರನ್ನು ದಾರಿಹೋಕರು ಬೆರಗಿನಿಂದ ನೋಡಿದರು. ಆಷಾಢದ ಮಳೆಯಲ್ಲಿ ಮರ ಬಿದ್ದು ವಿದ್ಯುತ್ ಹೋದರೆ, ಅದರ ಹಿಂದೆಯೇ ಟವರಿನ ಉಸಿರೂ ನಿಲ್ಲುತ್ತಿತ್ತು. ಆ ಸಂಕಟ ಈಗ ಎಷ್ಟೋ ಮಟ್ಟಿಗೆ ಕಡಮೆಯಾಗಿದೆ. ಆದರೆ ಸಿಗ್ನಲ್ಲಿನ ಚಿಂತೆಯಲ್ಲಿ ಮುಳುಗಿದ್ದ ನಾವು ಮತ್ತೊಂದು ಸಂಗತಿಯನ್ನು ಯೋಚಿಸಲೇ ಇಲ್ಲ. ಮನೆಗೆ ಕಚೇರಿಯೇನೋ ಬಂದಿತು. ಕಚೇರಿಯ ಕಾವಲು ಅದರೊಡನೆ ಬರಲಿಲ್ಲ.

ಕಚೇರಿಯಲ್ಲಿ ಬಾಗಿಲಿಗೊಬ್ಬ ಕಾವಲುಗಾರನಿರುತ್ತಾನೆ; ಬಂದವರ ಹೆಸರು ಬರೆದುಕೊಳ್ಳುವ ಪುಸ್ತಕವಿರುತ್ತದೆ; ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತಂತ್ರಜ್ಞರಿರುತ್ತಾರೆ; ಪಕ್ಕದ ಮೇಜಿನಲ್ಲಿ ಸಹೋದ್ಯೋಗಿಯೊಬ್ಬನಿರುತ್ತಾನೆ. ಇವರೆಲ್ಲರಲ್ಲಿ ಈ ಕೊನೆಯವನೇ ಬಹು ಮುಖ್ಯನೆಂದು ನನ್ನ ಎಣಿಕೆ. ಸಂಶಯಕ್ಕೆಡೆಯಾದ ಪತ್ರವೊಂದು ಬಂದಾಗ, ಕತ್ತು ಹೊರಳಿಸಿ "ಇಂಥದು ನಿನಗೂ ಬಂದಿದೆಯೇನು?" ಎಂದು ಕೇಳಲು ಅಲ್ಲಿ ಒಬ್ಬ ಮನುಷ್ಯನಿದ್ದಾನೆ. "ಅಯ್ಯೋ, ಅದನ್ನು ಮುಟ್ಟಬೇಡ" ಎಂಬ ಒಂದು ಮಾತಿನಿಂದ ಎಷ್ಟು ಅನಾಹುತಗಳು ತಪ್ಪಿವೆಯೋ ಲೆಕ್ಕವಿಟ್ಟವರಿಲ್ಲ. ಗೋಣಿಬೀಡಿನ ಒಳಕೋಣೆಯಲ್ಲಿ ಒಬ್ಬಳೇ ಕುಳಿತ ಹುಡುಗಿ ಯಾರನ್ನು ಕೇಳಬೇಕು? ಹಿತ್ತಲಿನಲ್ಲಿ ಮೆಣಸು ಹರವುತ್ತಿರುವ ತಾಯಿಯನ್ನೇ?

ಇನ್ನು ನಮ್ಮ ಮನೆಗಳ ಸ್ವಭಾವವನ್ನೂ ಹೇಳಬೇಕು. ಮಲೆನಾಡಿನ ಮನೆಗೆ ಬಾಗಿಲು ಹಾಕಿಕೊಳ್ಳುವ ಅಭ್ಯಾಸವಿಲ್ಲ. ನೆಂಟರು ಬಂದರೆ ಮೊದಲು ಕುಡಿಯಲು ನೀರು, ಅನಂತರ ಕಾಫಿ. ಈಗ ಅದರ ಜೊತೆಗೆ ವೈಫೈ ಪಾಸ್‌ವರ್ಡ್. ಕೊಡದಿದ್ದರೆ ಜಿಪುಣರೆಂದಾರು! ಅಕ್ಕನ ಮಗ ರಜೆಗೆ ಬಂದರೆ ಮಾವನ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಆಟವಾಡುತ್ತಾನೆ. ಅತ್ತಿಗೆ ಅದರಲ್ಲಿಯೇ ರೈಲಿನ ಟಿಕೇಟು ಕಾದಿರಿಸುತ್ತಾಳೆ. ಮದುವೆಯ ಕರೆಯೋಲೆ ಅಚ್ಚಾಗುವ ಮುನ್ನ ತಿದ್ದುಪಡಿಯಾಗುವುದೂ ಅದರಲ್ಲಿಯೇ. ವೈಫೈ ಪೆಟ್ಟಿಗೆಯ ಪಾಸ್‌ವರ್ಡೋ, ಜೋಡಿಸಲು ಬಂದ ಹುಡುಗ ಹೇಗೆ ಇಟ್ಟುಹೋದನೋ ಹಾಗೆಯೇ ಇರುತ್ತದೆ. ಇವುಗಳಲ್ಲಿ ಯಾವುದೂ ದುರ್ಗುಣವಲ್ಲ. ಹಂಚಿಕೊಂಡು ಬಾಳುವುದನ್ನೇ ಸಂಸ್ಕೃತಿಯೆಂದು ನಾವು ಮಕ್ಕಳಿಗೆ ಕಲಿಸಿದೆವು. ಆದರೆ ಆ ಲ್ಯಾಪ್‌ಟಾಪಿನೊಳಗೆ ಇರುವುದು ನಮ್ಮ ಮನೆಯ ಸೊತ್ತಲ್ಲ; ಯಾವುದೋ ದೇಶದ ಯಾವುದೋ ಆಸ್ಪತ್ರೆಯ ರೋಗಿಗಳ ವಿವರ, ಯಾವುದೋ ಬ್ಯಾಂಕಿನ ಗ್ರಾಹಕರ ಲೆಕ್ಕ. ಪರರು ನಂಬಿ ಇಟ್ಟ ಒಡವೆಯನ್ನು ನಾವು ಉದಾರವಾಗಿ ಹಂಚುವುದಕ್ಕೆ ಬರುವುದಿಲ್ಲ.

ಮನೆಯ ಸಣ್ಣ ಅಲಕ್ಷ್ಯದಿಂದ ಎಷ್ಟು ದೊಡ್ಡ ಹಾನಿಯಾಗಬಲ್ಲುದು ಎಂಬುದಕ್ಕೆ ೨೦೨೨ರಲ್ಲಿ ಅಮೆರಿಕದ ಲಾಸ್ಟ್‌ಪಾಸ್ ಎಂಬ ಸಂಸ್ಥೆಯಲ್ಲಿ ನಡೆದುದು ಒಳ್ಳೆಯ ನಿದರ್ಶನ. ಜನರ ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಕಾಪಾಡಿಕೊಡುವುದೇ ಆ ಸಂಸ್ಥೆಯ ಕಸುಬು. ಅದರ ಬೀಗದ ಕೈಗಳು ನಾಲ್ವರು ಎಂಜಿನಿಯರುಗಳಿಗೆ ಮಾತ್ರ ಲಭ್ಯವಿದ್ದುವು. ಅವರಲ್ಲೊಬ್ಬನ ಮನೆಯ ಕಂಪ್ಯೂಟರಿನಲ್ಲಿ ಚಲನಚಿತ್ರ, ಸಂಗೀತಗಳನ್ನು ನೋಡಿ ಕೇಳುವ ತಂತ್ರಾಂಶವೊಂದಿತ್ತು. ಅದರಲ್ಲಿ ಇದ್ದ ದೋಷವನ್ನು ಸರಿಪಡಿಸಿದ ಹೊಸ ಆವೃತ್ತಿಯು ೨೦೨೦ರಲ್ಲಿಯೇ ಬಂದಿತ್ತು. ಆತ ಅದನ್ನು ಹಾಕಿಕೊಂಡಿರಲಿಲ್ಲ. ಕಳ್ಳರು ಆ ಬಿರುಕಿನಿಂದ ಒಳಹೊಕ್ಕು, ಆತ ಕೀಲಿಮಣೆಯ ಮೇಲೆ ಒತ್ತಿದ ಒಂದೊಂದು ಅಕ್ಷರವನ್ನೂ ಬರೆದುಕೊಂಡರು. ಮುಖ್ಯ ಪಾಸ್‌ವರ್ಡ್ ಅವರ ಕೈಸೇರಿತು. ಬೀಗ ಮಾಡುವವನ ಮನೆಯಲ್ಲಿಯೇ ಕಳ್ಳತನವಾದಂತಾಯಿತು. "ಅಪ್‌ಡೇಟ್ ಮಾಡಿ" ಎಂದು ಪರದೆಯ ಮೂಲೆಯಲ್ಲಿ ಬರುವ ಸೂಚನೆಯನ್ನು "ನಾಳೆ" ಎಂದು ಒತ್ತಿ ಮುಂದೂಡುವ ನಮ್ಮೆಲ್ಲರಿಗೂ ಆ ಎಂಜಿನಿಯರು ನೆಂಟನೇ.

ಆದರೆ ಯಂತ್ರದ ಬಿರುಕಿಗಿಂತ ಮನಸ್ಸಿನ ಬಿರುಕಿನಿಂದ ಒಳನುಗ್ಗುವುದು ಕಳ್ಳರಿಗೆ ಸುಲಭ. ಇದನ್ನು ನಾನು ತಿಳಿದುದು ಪುಸ್ತಕದಿಂದಲ್ಲ, ನನ್ನ ಶಿಷ್ಯೆಯೊಬ್ಬಳಿಂದ.

ಆಕೆ ನನ್ನ ಬಳಿ ಮೂರು ವರ್ಷ ಕನ್ನಡ ಓದಿದವಳು. ತರಗತಿಯಲ್ಲಿ ಮೊದಲ ಸಾಲಿನವಳು. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡಿ ಮುಗಿಸುವವಳು. ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕೆಲಸ ಹಿಡಿದು, ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆಗೆ ಇರಬೇಕೆಂದು ಊರಿನಿಂದಲೇ ದುಡಿಯುತ್ತಿದ್ದಳು. ಒಂದು ಸಂಜೆ ಅವಳಿಗೊಂದು ದೂರವಾಣಿ ಕರೆ ಬಂದಿತು. ಕರೆದವನು ಸಂಸ್ಥೆಯ ತಾಂತ್ರಿಕ ವಿಭಾಗದವನೆಂದು ಹೇಳಿಕೊಂಡ. ಅಂದು ಬೆಳಗಿನಿಂದ ಅವಳ ಸಂಪರ್ಕ ಕಡಿದುಕಡಿದು ಬರುತ್ತಿದ್ದುದು ನಿಜ. ಮಳೆಗಾಲದಲ್ಲಿ ಅದು ಯಾರ ಮನೆಯಲ್ಲಿ ನಿಜವಲ್ಲ? ಅದನ್ನು ಸರಿಪಡಿಸುವುದಾಗಿ ಹೇಳಿ, ಒಂದು ಪುಟವನ್ನು ತೆರೆಯಿಸಿ, ಪಾಸ್‌ವರ್ಡ್ ಹಾಕಿಸಿ, ಮೊಬೈಲಿಗೆ ಬಂದ ಆರಂಕಿಯ ಒ.ಟಿ.ಪಿ.ಯನ್ನು ಕೇಳಿದ. ಅವಳು ಒಂದು ಗಳಿಗೆ ಅನುಮಾನಿಸಿದಳು.

"ಆತ ನನ್ನ ಹೆಸರು, ನಮ್ಮ ಮ್ಯಾನೇಜರ್ ಹೆಸರು, ನಾನು ಮಾಡುತ್ತಿದ್ದ ಪ್ರಾಜೆಕ್ಟಿನ ಹೆಸರು ಎಲ್ಲವನ್ನೂ ಹೇಳಿದ, ಮೇಷ್ಟ್ರೇ," ಎಂದು ಆಕೆ ಮುಂದೊಂದು ದಿನ ನನ್ನಲ್ಲಿ ಹೇಳಿಕೊಂಡಳು. "ನಾನು ಸುಮ್ಮನಾದಾಗ ಇಂಗ್ಲಿಷಿನಲ್ಲಿ ಗದರಿದ. ನಿನ್ನಿಂದ ಎಲ್ಲರ ಕೆಲಸ ನಿಂತಿದೆ ಅಂದ. ಕೊಟ್ಟುಬಿಟ್ಟೆ."

ಗದರಿದ, ಕೊಟ್ಟುಬಿಟ್ಟೆ! ಈ ಎರಡು ಕ್ರಿಯಾಪದಗಳ ನಡುವೆ ನನ್ನ ಮೂವತ್ತು ವರ್ಷಗಳ ವೃತ್ತಿಜೀವನವೆಲ್ಲ ಕುಳಿತಿರುವಂತೆ ನನಗೆ ಕಂಡಿತು.

ಅವಳಿಗಾದುದು ಅಪೂರ್ವವೇನಲ್ಲ. ೨೦೨೦ರ ಜುಲೈ ೧೫ರಂದು ಟ್ವಿಟರ್ ಸಂಸ್ಥೆಗೆ ಆದುದು ಬಹುಮಟ್ಟಿಗೆ ಇದೇ. ಕೊರೋನಾ ಕಾರಣದಿಂದ ಅದರ ನೌಕರರು ಮನೆಯಿಂದ ಕೆಲಸ ಮಾಡುತ್ತಿದ್ದರು. ಕಚೇರಿಗೆ ಸಂಪರ್ಕ ಕಲ್ಪಿಸುವ ವಿ.ಪಿ.ಎನ್. ಎಂಬ ವ್ಯವಸ್ಥೆ ಆಗಾಗ ತೊಂದರೆ ಕೊಡುತ್ತಿತ್ತು. ಇದನ್ನು ಬಲ್ಲ ಕೆಲವರು ತಾಂತ್ರಿಕ ವಿಭಾಗದವರ ಸೋಗಿನಲ್ಲಿ ನೌಕರರಿಗೆ ಫೋನು ಮಾಡಿ, ನಿಜವಾದುದರ ಪಡಿಯಚ್ಚಿನಂತಿದ್ದ ನಕಲಿ ಪುಟಕ್ಕೆ ಕಳುಹಿಸಿ, ಪಾಸ್‌ವರ್ಡ್ ಪಡೆದರು. ೧೩೦ ಖಾತೆಗಳ ಮೇಲೆ ಅವರ ಕೈ ಹೋಯಿತು. ಬರಾಕ್ ಒಬಾಮಾ, ಬಿಲ್ ಗೇಟ್ಸ್ ಮೊದಲಾದವರ ಹೆಸರಿನಲ್ಲಿ ಸುಳ್ಳು ಸಂದೇಶಗಳು ಹೊರಟವು. ಜನ ನಂಬಿ ಲಕ್ಷ ಡಾಲರಿಗೂ ಮಿಕ್ಕಿ ಹಣ ಕಳೆದುಕೊಂಡರು. ಇದರ ಮುಖ್ಯ ಸೂತ್ರಧಾರ ಫ್ಲಾರಿಡಾದ ಹದಿನೇಳು ವರ್ಷದ ಹುಡುಗ. ಮಹಾ ಗಣಿತಜ್ಞನ ವಿದ್ಯೆಯೇನೂ ಅವನಿಗೆ ಬೇಕಾಗಲಿಲ್ಲ. ಅಧಿಕಾರದ ದನಿಯಲ್ಲಿ ಮಾತನಾಡಲು ಬಂದರೆ ಸಾಕಾಯಿತು.

ಆ ದನಿಗೆ ಬಾಗುವುದನ್ನು ಮಕ್ಕಳಿಗೆ ಕಲಿಸಿದವರು ಯಾರು? ನಾವೇ, ಉಪಾಧ್ಯಾಯರು. ನಮ್ಮ ತಾಲ್ಲೂಕಿನ ಅಂಗಡಿ ಎಂಬ ಊರನ್ನು ಹಿಂದಿನ ಸೊಸೆವೂರೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಅಲ್ಲಿ ಹುಲಿಯೊಂದು ಮೇಲೆರಗಲು ಬಂದಾಗ ಸುದತ್ತ ಮುನಿಯು "ಹೊಯ್ ಸಳ" ಎಂದನೆಂದೂ, ಶಿಷ್ಯನಾದ ಸಳನು ಆ ಕ್ಷಣವೇ ಹೊಡೆದನೆಂದೂ, ಅದರಿಂದಲೇ ಹೊಯ್ಸಳ ಎಂಬ ಹೆಸರು ಬಂದಿತೆಂದೂ ಐತಿಹ್ಯವಿದೆ. ಈ ಕಥೆಯನ್ನು ನಾನು ಎಷ್ಟು ಬಾರಿ ತರಗತಿಯಲ್ಲಿ ಹೇಳಿರುವೆನೋ! ಹೇಳಿದಾಗಲೆಲ್ಲ ಸಳನ ಶೌರ್ಯಕ್ಕಿಂತ ಅವನ ವಿಧೇಯತೆಯನ್ನೇ ಹೆಚ್ಚಾಗಿ ಹೊಗಳಿದ್ದೇನೆ. "ಏಕೆ, ಏನು ಎಂದು ಅವನು ಕೇಳಲಿಲ್ಲ, ನೋಡಿದಿರಾ?" ಎಂದು ಕೋಲು ಝಳಪಿಸಿದ್ದೇನೆ. ಸಳನು ಕೇಳಬೇಕಾದ ಅಗತ್ಯವಿರಲಿಲ್ಲ. ಗುರು ಎದುರಿಗಿದ್ದ, ಹುಲಿಯೂ ಎದುರಿಗಿತ್ತು. ನನ್ನ ಶಿಷ್ಯೆಯ ಎದುರಿಗೆ ಗುರುವೂ ಇರಲಿಲ್ಲ, ಹುಲಿಯೂ ಕಾಣುತ್ತಿರಲಿಲ್ಲ, ಕೇಳಿಸಿದ್ದು ದನಿಯೊಂದೇ. ಈ ವ್ಯತ್ಯಾಸವನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಮುಖವನ್ನು ಕಂಡರೆ ನಂಬಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಆ ನೆಚ್ಚಿಕೆಯೂ ಈಗ ಉಳಿದಿಲ್ಲ. ೨೦೨೪ರ ಮೊದಲಲ್ಲಿ ಆರಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಶಾಖೆಯ ನೌಕರನೊಬ್ಬನಿಗೆ ಹಣ ವರ್ಗಾಯಿಸಬೇಕೆಂಬ ಪತ್ರ ಬಂದಿತು. ಅವನು ಅನುಮಾನಪಟ್ಟನು, ಅದು ಮೆಚ್ಚತಕ್ಕ ಮಾತು. ಬಳಿಕ ವಿಡಿಯೋ ಸಭೆಗೆ ಕರೆ ಬಂದಿತು. ಹಣಕಾಸಿನ ಮುಖ್ಯಾಧಿಕಾರಿಯೂ ಪರಿಚಿತ ಸಹೋದ್ಯೋಗಿಗಳೂ ಪರದೆಯ ಮೇಲೆ ಕಾಣಿಸಿಕೊಂಡರು, ಮಾತನಾಡಿದರು. ಅವನ ಅನುಮಾನ ಕರಗಿತು. ಹದಿನೈದು ಕಂತುಗಳಲ್ಲಿ ೨೦ ಕೋಟಿ ಹಾಂಗ್‌ಕಾಂಗ್ ಡಾಲರನ್ನು ಅವನು ಕಳುಹಿಸಿಬಿಟ್ಟನು. ಪರದೆಯ ಮೇಲಿದ್ದವರೆಲ್ಲ ಯಂತ್ರವು ಕಡೆದ ಪ್ರತಿರೂಪಗಳಾಗಿದ್ದರು! ನಮ್ಮ ಪುರಾಣಗಳಲ್ಲಿ ಮಾಯಾಮೃಗ, ಮಾಯಾಸೀತೆಯರ ಪ್ರಸಂಗಗಳನ್ನು ಓದುವಾಗ ಹಿಂದಿನ ಬೆಂಚಿನಲ್ಲಿ ನಗುತ್ತಿದ್ದ ಹುಡುಗರು ಈಗ ಎಲ್ಲಿರುವರೋ, ನಗುತ್ತಿರಲಾರರು.

ಹಾಗಾದರೆ ದನಿಯನ್ನು ನಂಬದೆ, ಮುಖವನ್ನು ನಂಬದೆ ಕೆಲಸ ನಡೆಯುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಕಾಫಿ ಸೀಮೆಯಲ್ಲಿ ಹಳೆಯ ಕಾಲದಿಂದಲೂ ಇದೆ. ತೋಟವೊಂದೆಡೆ, ಸಾಹುಕಾರರು ಇನ್ನೊಂದೆಡೆ. ದೂರದಿಂದ ಕೆಲಸ ಮಾಡುವ ಮತ್ತು ಮಾಡಿಸುವ ಪದ್ಧತಿ ನಮಗೆ ಹೊಸದಲ್ಲ. ನನ್ನ ತಂದೆಯವರು ಒಂದು ತೋಟದಲ್ಲಿ ರೈಟರ್ ಆಗಿದ್ದರು. ಗೋದಾಮಿನ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಒಂದು ಸಂಜೆ ಜೀಪೊಂದು ಬಂದಿತು. ಬಂದವನ ಕೈಯಲ್ಲಿ ಸಾಹುಕಾರರ ಚೀಟಿ. ಚೀಟಿ ತಂದವನ ವಶಕ್ಕೆ ಹನ್ನೆರಡು ಮೂಟೆ ಕಾಫಿ ಕೊಡತಕ್ಕದ್ದೆಂದು ಅದರಲ್ಲಿ ಬರೆದಿತ್ತು. ಕೆಳಗಿನ ರುಜು ಸಾಹುಕಾರರದೇ. ತಂದೆಯವರು ಬಂದವನನ್ನು ಜಗಲಿಯಲ್ಲಿ ಕುಳ್ಳಿರಿಸಿ, ಕಾಫಿ ಕೊಡಿಸಿ, "ಬೀಗದ ಕೈ ಎಲ್ಲೋ ಇಟ್ಟುಬಿಟ್ಟಿದ್ದೇನೆ, ಹುಡುಕಿಸುತ್ತೇನೆ" ಎಂದು ಹೇಳಿ, ಹಿಂದಿನ ಬಾಗಿಲಿನಿಂದ ಮೇಸ್ತ್ರಿಯ ಮಗನನ್ನು ಸೈಕಲ್ಲಿನ ಮೇಲೆ ಸಾಹುಕಾರರ ಬಂಗಲೆಗೆ ಓಡಿಸಿದರು. ಬೀಗದ ಕೈ ಅವರ ಸೊಂಟದಲ್ಲಿಯೇ ಇತ್ತು. ಹುಡುಗ ಹಿಂದಿರುಗಿದಾಗ ರಾತ್ರಿ ಒಂಬತ್ತು. ಚೀಟಿ ನಿಜವಾದುದೇ ಆಗಿತ್ತು! ಮಾರನೆಯ ದಿನ ಸಾಹುಕಾರರು ಬಂದು ಚೆನ್ನಾಗಿ ಬೈದರು. ತಂದೆಯವರು ತಲೆ ತಗ್ಗಿಸಿ ಕೇಳಿಕೊಂಡರು. ಮುಂದಿನ ಚೀಟಿಗೂ ಹಾಗೆಯೇ ಮಾಡಿದರು. "ಬೈಸಿಕೊಂಡರೆ ಬೆನ್ನಿನಿಂದ ಜಾರಿಹೋಗುತ್ತದೆ, ಮೂಟೆ ಹೋದರೆ ನಾನು ಎಲ್ಲಿಂದ ತರಲಿ?" ಎಂದು ತಾಯಿಯವರಲ್ಲಿ ಹೇಳುತ್ತಿದ್ದರು.

ಇಂದಿನ ತಜ್ಞರು ಹೇಳುವ ಮುಖ್ಯ ಉಪಾಯವೂ ಅದೇ ಸೈಕಲ್ಲು. ಕರೆದವನು ಕೊಟ್ಟ ಸಂಖ್ಯೆಗಲ್ಲ, ಕರೆ ಬಂದ ಸಂಖ್ಯೆಗೂ ಅಲ್ಲ, ತನಗೆ ಮೊದಲಿನಿಂದಲೂ ಗೊತ್ತಿರುವ ಸಂಖ್ಯೆಗೆ ತಾನೇ ತಿರುಗಿ ಕರೆಮಾಡಿ ವಿಚಾರಿಸುವುದು. ಇದಕ್ಕೆ ಹೆಚ್ಚಿನ ವಿದ್ಯೆ ಬೇಡ. "ಇಡಿ, ನಾನೇ ಮಾಡುತ್ತೇನೆ" ಎನ್ನುವಷ್ಟು ಧೈರ್ಯ ಬೇಕು. ಆ ಧೈರ್ಯ ಹುಟ್ಟುವುದು ಮಾತ್ರ ಕಷ್ಟ. ಏಕೆಂದರೆ ನಿಜವಾದ ಅಧಿಕಾರಿಯೇ ಕರೆದಿದ್ದು, ತನ್ನನ್ನು ಪರೀಕ್ಷಿಸಿದರೆಂದು ಸಿಟ್ಟಾದರೆ? ಇಲ್ಲಿ ದೋಷ ನೌಕರನದಲ್ಲ, ಸಾಹುಕಾರನದು. ಪರೀಕ್ಷೆಗೊಳಗಾದಾಗ ಮುನಿಯದಿರುವುದನ್ನು ಮೇಲಿನವರು ಕಲಿಯುವತನಕ, ಕೆಳಗಿನವರಿಗೆ ಮಾಡುವ ಉಪದೇಶವೆಲ್ಲ ನೀರಿನ ಮೇಲಣ ಹೋಮ.

ಪಾಸ್‌ವರ್ಡ್‌ಗಳ ವಿಷಯದಲ್ಲಿಯೂ ಮೇಲಿನವರ ತಪ್ಪನ್ನು ಕೆಳಗಿನವರು ಹೊತ್ತ ಕಥೆಯೊಂದಿದೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕೆ, ಚಿಹ್ನೆ ಎಲ್ಲವೂ ಇರಬೇಕು, ತಿಂಗಳುಗಳಿಗೊಮ್ಮೆ ಬದಲಾಯಿಸಬೇಕು ಎಂಬ ನಿಯಮ ಪ್ರಚಾರಕ್ಕೆ ಬಂದುದು ೨೦೦೩ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಪ್ರಕಟಿಸಿದ ಮಾರ್ಗಸೂಚಿಯಿಂದ. ಅದನ್ನು ಬರೆದವರು ಬಿಲ್ ಬರ್. ಜನ ಏನು ಮಾಡಿದರು? ಇದ್ದ ಪದದ ಕೊನೆಯಲ್ಲಿ ಒಂದನ್ನು ಎರಡು ಮಾಡಿದರು, ಎರಡನ್ನು ಮೂರು ಮಾಡಿದರು. ನಿವೃತ್ತರಾಗಿದ್ದ ಬರ್ ಅವರು ೨೦೧೭ರಲ್ಲಿ, ತಾವು ಬರೆದ ಬಹುಭಾಗಕ್ಕಾಗಿ ಈಗ ವಿಷಾದಿಸುವುದಾಗಿ ಪತ್ರಿಕೆಯೊಂದಕ್ಕೆ ತಿಳಿಸಿದರು. ಆ ವರ್ಷ ಹೊಸ ಮಾರ್ಗಸೂಚಿಯೂ ಬಂದಿತು: ಕಾರಣವಿಲ್ಲದೆ ಬದಲಾಯಿಸುವುದು ಬೇಡ, ಉದ್ದವಾಗಿರಲಿ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿನಲ್ಲಿಯೂ ಉಳಿಯುತ್ತದೆ, ಊಹಿಸುವುದಕ್ಕೂ ಆಗುವುದಿಲ್ಲ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆಗೂ ಬಳಸುವುದಕ್ಕಿಂತ, ಬೇರೆಬೇರೆಯಾಗಿಟ್ಟು ಒಂದು ನೋಟುಪುಸ್ತಕದಲ್ಲಿ ಬರೆದು ಕಬ್ಬಿಣದ ಬೀರುವಿನಲ್ಲಿಡುವುದು ಮೇಲೆಂದು ನನ್ನ ಸ್ವಂತ ಅಭಿಪ್ರಾಯ. ರಷ್ಯಾದ ಕಳ್ಳ ಗೋಣಿಬೀಡಿನ ಬೀರುವಿಗೆ ಕೈಹಾಕಲಾರ.

ಬ್ಯಾಂಕಿನ ಲಾಕರಿಗೆ ಎರಡು ಕೀಲಿಗಳಿರುವುದನ್ನು ಎಲ್ಲರೂ ಬಲ್ಲರು. ಒಂದು ನಮ್ಮದು, ಒಂದು ಬ್ಯಾಂಕಿನದು. ಪಾಸ್‌ವರ್ಡಿನ ಜೊತೆಗೆ ಒ.ಟಿ.ಪಿ. ಕೇಳುವುದು ಆ ಎರಡನೆಯ ಕೀಲಿ. ಅದು ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ೨೦೨೧ರ ಮೇ ತಿಂಗಳಿನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ತೈಲ ಸಾಗಣೆ ಸಂಸ್ಥೆ ಕಂಡಿತು. ದೂರದಿಂದ ಪ್ರವೇಶಿಸಲು ಇದ್ದ, ಬಳಕೆಯಲ್ಲಿಲ್ಲದ ಹಳೆಯ ಖಾತೆಯೊಂದರ ಪಾಸ್‌ವರ್ಡ್ ಕಳ್ಳರಿಗೆ ಸಿಕ್ಕಿತು; ಎರಡನೆಯ ಕೀಲಿ ಇರಲೇ ಇಲ್ಲ. ಪೂರ್ವ ಕರಾವಳಿಗೆ ಹೋಗುವ ತೈಲ ಹಲವು ದಿನ ನಿಂತಿತು; ಸಂಸ್ಥೆಯು ೪೪ ಲಕ್ಷ ಡಾಲರ್ ಸುಲಿಗೆ ಹಣ ತೆತ್ತಿತು. ಆದರೆ ಎರಡನೆಯ ಕೀಲಿಯನ್ನೂ ಬಾಯಿಮಾತಿನಲ್ಲಿ ಕೊಟ್ಟುಬಿಡುವಂತಿದ್ದರೆ ನನ್ನ ಶಿಷ್ಯೆಗಾದುದೇ ಆಗುತ್ತದೆ. ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ಯೆಮನ್ನಿನ ಕಾವಲು ತಪ್ಪಿಸಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಕಾಫಿ ಸೀಮೆಯವರಾದ ನಮ್ಮ ಅನ್ನವೇ ಅರಬರ ಕಾವಲಿನ ಲೋಪದಿಂದ ಹುಟ್ಟಿದುದು! ಅಂದು ಏಳು ಬೀಜ ಸಾಕಾಯಿತು, ಇಂದು ಆರಂಕಿ ಸಾಕಾಗುತ್ತದೆ. ಇದಕ್ಕೂ ಪರಿಹಾರವಿಲ್ಲದಿಲ್ಲ. ಲ್ಯಾಪ್‌ಟಾಪಿಗೆ ಚುಚ್ಚುವ, ಬೆರಳಿನಷ್ಟು ಗಾತ್ರದ ಭದ್ರತಾ ಕೀಲಿಯೊಂದಿದೆ. ಅದನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ. ನಕಲಿ ಪುಟಕ್ಕೆ ಅದು ಒಗ್ಗುವುದೂ ಇಲ್ಲ. ಗೂಗಲ್ ಸಂಸ್ಥೆಯು ೨೦೧೭ರಿಂದ ತನ್ನ ೮೫,೦೦೦ಕ್ಕೂ ಹೆಚ್ಚು ನೌಕರರಿಗೆ ಇದನ್ನು ಕಡ್ಡಾಯಗೊಳಿಸಿತು. ಅಂದಿನಿಂದ ಒಬ್ಬರ ಕಚೇರಿ ಖಾತೆಯೂ ಈ ಬಗೆಯಲ್ಲಿ ಕಳ್ಳರ ವಶವಾದುದು ದೃಢಪಟ್ಟಿಲ್ಲವೆಂದು ೨೦೧೮ರಲ್ಲಿ ಹೇಳಿತು. ಆ ಕೀಲಿಗೆ ಬೀಳುವ ಖರ್ಚು ಕೆಲವು ಸಾವಿರ ರೂಪಾಯಿ. ನನ್ನ ಶಿಷ್ಯೆಯ ಸಂಸ್ಥೆ ಅದನ್ನು ಕೊಂಡುಕೊಟ್ಟಿರಲಿಲ್ಲ.

ನಕಲಿ ಪುಟದ ಗುರುತು ಹಿಡಿಯುವುದಕ್ಕೆ ಒಂದು ಸಣ್ಣ ವಿದ್ಯೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಜಾಲತಾಣದ ವಿಳಾಸವು ಅಂಚೆಯ ವಿಳಾಸದಂತೆಯೇ. ಲಕೋಟೆಯ ಮೇಲೆ ಮೊದಲು ಮನೆ, ಆಮೇಲೆ ಊರು, ಕೊನೆಗೆ ತಾಲ್ಲೂಕು ಜಿಲ್ಲೆ. ಕಾಗದ ಎತ್ತ ಹೋಗಬೇಕೆಂಬುದನ್ನು ನಿರ್ಧರಿಸುವುದು ಕೊನೆಯ ಭಾಗ. ಹಾಗೆಯೇ ಜಾಲತಾಣದ ವಿಳಾಸದಲ್ಲಿ ಮೊದಲ ಒಂಟಿ ಓರೆಗೀಟು ಬರುವವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಸಂಸ್ಥೆಯ ಹೆಸರು ಎಡತುದಿಯಲ್ಲಿ ಎಷ್ಟು ಚೆನ್ನಾಗಿ ಕಂಡರೂ, ಬಲತುದಿಯಲ್ಲಿ ಬೇರೊಬ್ಬನ ಹೆಸರಿದ್ದರೆ ಆ ಮನೆ ಬೇರೊಬ್ಬನದು. ಕಾಗುಣಿತದ ತಪ್ಪನ್ನೂ ನೋಡಬೇಕೆನ್ನುತ್ತಾರೆ. ೨೦೧೬ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಸುಮಾರು ೯೫ ಕೋಟಿ ಡಾಲರನ್ನು ಕದಿಯಲು ಹೊರಟವರಿಗೆ ೮ ಕೋಟಿ ೧೦ ಲಕ್ಷ ದಕ್ಕಿತು. ಶ್ರೀಲಂಕೆಗೆ ಕಳುಹಿಸಿದ ೨ ಕೋಟಿ ಸಿಕ್ಕಿಬಿದ್ದುದು, ಅವರು 'ಫೌಂಡೇಷನ್' ಎಂಬುದನ್ನು 'ಫ್ಯಾಂಡೇಷನ್' ಎಂದು ಬರೆದುದರಿಂದ. ಭಾಷೆಯ ಮೇಷ್ಟರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಯಾವುದು? ಆದರೆ ಈ ಸಂತೋಷ ಬಹುಕಾಲ ಉಳಿಯದು. ಹಿಂದೆ ಮೋಸದ ಪತ್ರಗಳ ಕನ್ನಡ ನಗೆ ತರಿಸುತ್ತಿತ್ತು; ಈಗ ಯಂತ್ರಗಳು ನನ್ನ ಹಲವು ವಿದ್ಯಾರ್ಥಿಗಳಿಗಿಂತ ಶುದ್ಧವಾಗಿ ಬರೆಯುತ್ತವೆ.

ನೌಕರರೆಲ್ಲರೂ ನಿರಪರಾಧಿಗಳೆಂದು ನಾನು ಹೇಳುವುದಿಲ್ಲ. ೨೦೨೫ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೋ ವಿನಿಮಯ ಸಂಸ್ಥೆಯಿಂದ ೪ ಕೋಟಿ ೪೦ ಲಕ್ಷ ಡಾಲರ್ ಮೌಲ್ಯದ ಸೊತ್ತು ಕಳುವಾದಾಗ, ಬೆಂಗಳೂರಿನ ಪೊಲೀಸರು ನೌಕರನೊಬ್ಬನನ್ನು ಬಂಧಿಸಿದರು. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಹೊರಗಿನವರ ಬಿಡಿಗೆಲಸವನ್ನೂ ಅವನು ಮಾಡುತ್ತಿದ್ದನೆಂದೂ, ಆ ನೆಪದಲ್ಲಿ ಕಳ್ಳರು ಒಳಸೇರಿರಬಹುದೆಂದೂ ಅವರ ಶಂಕೆ. ಕಳವು ತನಗೆ ತಿಳಿಯದೆಂದು ಅವನು ಹೇಳಿದನು. ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಅದು ಏನೇ ಆಗಲಿ, ಒಬ್ಬರ ಗದ್ದೆಯ ನೀರನ್ನು ಇನ್ನೊಬ್ಬರ ಗದ್ದೆಗೆ ಹಾಯಿಸುವ ಚಪಲ ಮನೆಯಿಂದ ದುಡಿಯುವವರಲ್ಲಿ ಇಲ್ಲದಿಲ್ಲ; ಯಾರೂ ನೋಡುತ್ತಿಲ್ಲವೆಂಬ ಭಾವನೆ ಅದಕ್ಕೆ ಗೊಬ್ಬರ.

ಆದರೆ ನನ್ನ ಶಿಷ್ಯೆಯ ಸಂಗತಿ ಬೇರೆ. ಫೋನು ಇಟ್ಟ ಹತ್ತು ನಿಮಿಷಕ್ಕೆ ತಾನು ಮೋಸಹೋದೆನೆಂದು ಅವಳಿಗೆ ಹೊಳೆದಿತ್ತು. ಅವಳು ಯಾರಿಗೂ ಹೇಳಲಿಲ್ಲ. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಕಳೆದು, ಮರುದಿನ ಹನ್ನೊಂದು ಗಂಟೆಗೆ ತಿಳಿಸಿದಳು. ಅಷ್ಟರಲ್ಲಿ ಗ್ರಾಹಕರ ಕಡತಗಳನ್ನು ಕಳ್ಳರು ನಕಲು ಮಾಡಿಕೊಂಡಾಗಿತ್ತು. ಸಂಸ್ಥೆಯು ಅವಳನ್ನು ಕೆಲಸದಿಂದ ತೆಗೆಯಿತು. "ಹಿಂದೊಬ್ಬ ಹೇಳಿದ ಕೂಡಲೇ ಅವನನ್ನು ತೆಗೆದಿದ್ದರು, ಮೇಷ್ಟ್ರೇ, ಅದು ನನಗೆ ಗೊತ್ತಿತ್ತು" ಎಂದಳು. ಒಪ್ಪಿಕೊಂಡವನಿಗೆ ಶಿಕ್ಷೆಯಾದರೆ ಮುಂದಿನವಳು ಮುಚ್ಚಿಡುತ್ತಾಳೆ. ಪ್ರಯೋಗಶಾಲೆಯ ಗಾಜಿನ ನಳಿಗೆ ಒಡೆದ ಹುಡುಗರು ಚೂರುಗಳನ್ನು ಶಾಲೆಯ ಹಿಂದಿನ ಕಾಫಿ ಗಿಡದ ಬುಡದಲ್ಲಿ ಹೂಳುತ್ತಿದ್ದುದನ್ನು ಕಂಡ ಯಾವ ಉಪಾಧ್ಯಾಯನಾದರೂ ಇದನ್ನು ಬಲ್ಲ. ಬರಿಗಾಲಿನಲ್ಲಿ ಅಲ್ಲಿ ನಡೆದು ಕಾಲು ಕುಯ್ದುಕೊಂಡವರು ಬೇರೆಯವರು.

ಈ ವಿಷಯದಲ್ಲಿ ನಮ್ಮ ಕಾನೂನು ಸಂಸ್ಥೆಗಳಿಗಿಂತ ವಿವೇಕಶಾಲಿಯಾಗಿದೆ. ಸೋಗು ಹಾಕಿ ಕಂಪ್ಯೂಟರಿನ ಮೂಲಕ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆ, ೨೦೦೦ರ ೬೬ಡಿ ಪ್ರಕರಣವು ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸುತ್ತದೆ. ವಂಚನೆಗೊಳಗಾದವರನ್ನು ಅದು ಅಪರಾಧಿಯೆನ್ನುವುದಿಲ್ಲ. ಇಂಥ ಘಟನೆ ತಿಳಿದುಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯು ೨೦೨೨ರ ಏಪ್ರಿಲಿನಲ್ಲಿ ಆದೇಶಿಸಿತು. ಆರು ಗಂಟೆಯೊಳಗೆ ಸಂಸ್ಥೆ ಸರ್ಕಾರಕ್ಕೆ ತಿಳಿಸಬೇಕಾದರೆ ನೌಕರಳು ಸಂಸ್ಥೆಗೆ ನಿರ್ಭಯವಾಗಿ ಹೇಳುವಂತಿರಬೇಡವೆ? ಜನರ ವಿವರಗಳನ್ನು ಕಾಪಾಡಲು ತಕ್ಕ ಎಚ್ಚರಿಕೆ ವಹಿಸದ ಸಂಸ್ಥೆಗೆ ೨೫೦ ಕೋಟಿ ರೂಪಾಯಿವರೆಗೆ ದಂಡ ಹಾಕಲು ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಅವಕಾಶವಿದೆ. ಆ ದಂಡ ಸಂಸ್ಥೆಗೆ, ನೌಕರಳಿಗಲ್ಲ. ಹಣವೇ ಹೋದ ಪಕ್ಷದಲ್ಲಿ ೧೯೩೦ಕ್ಕೆ ಕೂಡಲೇ ಫೋನು ಮಾಡಿದರೆ, ಅದು ಕೈಯಿಂದ ಕೈಗೆ ದಾಟುವ ಮುನ್ನ ತಡೆಹಿಡಿಯುವ ಸಾಧ್ಯತೆಯುಂಟು. ತಡವಾದಷ್ಟೂ ಅದು ಕ್ಷೀಣಿಸುತ್ತದೆ. ಎಲ್ಲ ಕಡೆಯೂ ಕಳ್ಳನಿಗೆ ಬೇಕಾದುದು ನಮ್ಮ ನಾಚಿಕೆ ಕೊಡುವ ಆ ಒಂದು ರಾತ್ರಿಯ ಅವಧಿ.

ಆಕೆಗೆ ಏಳು ತಿಂಗಳ ಮೇಲೆ ಬೇರೆ ಕೆಲಸ ಸಿಕ್ಕಿತು. ಈಗಲೂ ಊರಿನಿಂದಲೇ ದುಡಿಯುತ್ತಾಳೆ. ಹೊಸ ಸಂಸ್ಥೆಯವರು ಆ ಪುಟ್ಟ ಕೀಲಿಯನ್ನು ಮೊದಲ ದಿನವೇ ಅಂಚೆಯಲ್ಲಿ ಕಳುಹಿಸಿದರಂತೆ. ಲ್ಯಾಪ್‌ಟಾಪಿಗೆ ಒಂದು ಕೋಣೆ, ಕೋಣೆಗೊಂದು ಚಿಲಕ. ನೆಂಟರಿಗೆ ಬೇರೆಯ ವೈಫೈ. ಮೇಜಿನ ಮೇಲಣ ಗೋಡೆಗೆ ಸಂಸ್ಥೆಯ ನಿಜವಾದ ದೂರವಾಣಿ ಸಂಖ್ಯೆಗಳನ್ನು ಬರೆದು ಅಂಟಿಸಿದ್ದಾರೆ. ಅಕ್ಷರ ತಾಯಿಯವರದು, ದುಂಡಾಗಿದೆ.

ಮೊನ್ನೆ ಒಂದು ಮಧ್ಯಾಹ್ನ ನೆರೆಮನೆಗೆ ಹೋಗಿದ್ದವನು, ಅವಳು ಓದಲು ಒಯ್ದಿದ್ದ ಪುಸ್ತಕವೊಂದು ನೆನಪಾಗಿ, ನೆರೆಯವರ ಮೊಬೈಲಿನಿಂದಲೇ ಅವಳ ಮನೆಗೆ ಫೋನು ಮಾಡಿದೆ. ನೆಗಡಿಯಿಂದ ನನ್ನ ದನಿ ಒಡೆದಿತ್ತು. ತಾಯಿ ತೆಗೆದುಕೊಂಡರು. ನಾನು ಹೆಸರು ಹೇಳಿದೆ.

"ಇದು ನಮ್ಮ ಮೇಷ್ಟರ ನಂಬರಲ್ಲ. ದನಿಯೂ ಅವರದಲ್ಲ," ಎಂದರು. "ಇಡಿ, ನಾವೇ ಮಾಡ್ತೇವೆ."

ಪುಸ್ತಕದ ಹೆಸರನ್ನು ಹೇಳುವಷ್ಟರಲ್ಲಿ ಕರೆ ಕಡಿದಿತ್ತು. ನೆರೆಯವರು ನಕ್ಕರು. ನನಗೆ ಸ್ವಲ್ಪ ಸಿಟ್ಟು ಬಂದುದು ನಿಜ. ಹೊರಗೆ ಮಳೆ ಹೊಯ್ಯುತ್ತಿತ್ತು; ಕೊಡೆ ಬಿಚ್ಚಿ, ಅಂಗಳದ ಕೆಸರನ್ನು ದಾಟಿ ಮನೆಯ ಮೆಟ್ಟಿಲು ಹತ್ತುವಾಗ, ಒಳಗೆ ಮೇಜಿನ ಮೇಲೆ ಬಿಟ್ಟುಹೋಗಿದ್ದ ನನ್ನ ಫೋನು ಬಡಿದುಕೊಳ್ಳುತ್ತಿತ್ತು.